ಡ್ರಮ್ಮಣ್ಣ ಬಿಟ್ಟ ಬಾಟಲಿ

ಡ್ರಮ್ಮಣ್ಣನ ಹೊಟ್ಟೆಯನ್ನು ಕತ್ತರಿಸಿ ಕಿರಿದು ಮಾಡಿದ್ದಾರೆ ಎಂಬ ಸಂಗತಿ ಆಸ್ಪತ್ರೆಯವರಿಗೆ, ಅವನ ಹೆಂಡತಿಗೆ ಮತ್ತು ಸ್ವತಃ ಡ್ರಮ್ಮಣ್ಣನಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದು ಅವನು ಪಟ್ಟ ಪಾಡು ಆಪರೇಷನ್ನಿನ ಪಾಡಿಗಿಂತ ದೊಡ್ಡದು.

ಅವನು ನೀರು ಸರಬರಾಜು ಕಚೇರಿಯ ಬಿಲ್ಲಿನ ಕೌಂಟರಿನಲ್ಲಿ ಕೂರುವ ಗುಮಾಸ್ತ. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಜವಾನನಿಂದ ಹಿಡಿದು ಸಾಹೇಬರ ತನಕ ಎಲ್ಲರಿಗೂ ಅವನು ಡ್ರಮ್ಮಣ್ಣ. ಅವನ ಭಾರಕ್ಕೆ ಎರಡು ಮರದ ಕುರ್ಚಿ ಕಾಲು ಮುರಿದುಕೊಂಡ ಮೇಲೆ ಪಂಪ್‌ಹೌಸಿನಿಂದ ಕಬ್ಬಿಣದ ಕುರ್ಚಿಯೊಂದನ್ನು ತರಿಸಿ ಹಾಕಿದ್ದರು. ಆ ದಿನ ಇಡೀ ಕಚೇರಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಡ್ರಮ್ಮಣ್ಣನೂ ನಕ್ಕ. ದಪ್ಪಗಿರುವವನು ತಾನೂ ನಗದಿದ್ದರೆ ಜನ ಬೇಜಾರು ಮಾಡಿಕೊಳ್ಳುತ್ತಾರೆ.

ಮಂಡಿ ಸವೆಯಿತು, ಸಕ್ಕರೆ ಏರಿತು, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರತೊಡಗಿತು. ಹೀಗೇ ಬಿಟ್ಟರೆ ಕಷ್ಟ ಎಂದು ಡಾಕ್ಟರು ಹೇಳಿದರು. ಹೆಂಡತಿ ಎಂದೋ ಹಟ ಹಿಡಿದು ಮಾಡಿಸಿದ್ದ ವಿಮೆ ಇತ್ತು. ಆಪರೇಷನ್ ಆಯಿತು. ಕಚೇರಿಗೆ ಅವನು ಮೂಲವ್ಯಾಧಿ ಎಂದು ರಜೆ ಬರೆದ. ಮೂಲವ್ಯಾಧಿ ಬಹಳ ಒಳ್ಳೆಯ ಕಾಯಿಲೆ. ಅದರ ಬಗ್ಗೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಇನ್ನೊಂದು ಪಟ್ಟಣದಲ್ಲಿದ್ದ ಅಕ್ಕನಿಗೆ ಮಾತ್ರ ಆ ಹೆಸರು ಹೇಳಿದರೂ ಓಡಿಬಂದಾಳೆಂದು ಹೆದರಿ, ಕಚೇರಿಯ ತರಬೇತಿಗೆ ಹೋಗುತ್ತಿದ್ದೇನೆ ಎಂದ.

ಕಚೇರಿಯ ನಗೆ ಅವನಿಗೆ ಅಭ್ಯಾಸವಾಗಿತ್ತು. ಹೆದರಿಕೆಯಿದ್ದದ್ದು ಅಕ್ಕನದು. ತಾಯಿ ತೀರಿಕೊಂಡಾಗ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಈ ಕಡ್ಡಿ ಉಳಿಯುವುದಿಲ್ಲ ಎಂದು ಅಕ್ಕಪಕ್ಕದವರು ತೀರ್ಮಾನಿಸಿದ್ದರಂತೆ. ಇನ್ನೂ ಹುಡುಗಿಯಾಗಿದ್ದ ಅಕ್ಕ ಶಾಲೆ ಬಿಟ್ಟು, ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅತ್ತರೂ ಬಿಡದೆ ತುತ್ತಿನ ಮೇಲೆ ತುತ್ತು ಇಟ್ಟು ಉಳಿಸಿಕೊಂಡಳು. ಮುಂದೆ ಅವನು ಬಾಗಿಲಿಗೆ ಓರೆಯಾಗಿ ತೂರುವಷ್ಟು ಬೆಳೆದ ಮೇಲೂ ಅವಳಿಗೆ ಅವನು ‘ಪುಟ್ಟ’ನೇ. ನಾಲ್ಕು ಜನರ ಮುಂದೆ ಅವನ ತೋಳು ಹಿಡಿದು, "ನಮ್ಮ ಪುಟ್ಟ ನೋಡಿ, ಹೇಗಿದ್ದವನು ಹೇಗಾದ" ಎನ್ನುವಾಗ ಅವಳ ಮುಖ ನೋಡಬೇಕಿತ್ತು. ಅಂಥವಳಿಗೆ, ನೀನು ತುಂಬಿಸಿದ ಹೊಟ್ಟೆಯನ್ನು ನಾನು ಕತ್ತರಿಸಿ ಹಾಕಿಸಿಕೊಂಡೆ ಎಂದು ಹೇಳುವ ಬಾಯಿ ಅವನಿಗೆ ಇರಲಿಲ್ಲ.

ಆಸ್ಪತ್ರೆಯಿಂದ ಹೊರಡುವಾಗ ಡಯಟೀಷಿಯನ್ ಮೇಡಂ ಅವನನ್ನು ಎದುರಿಗೆ ಕೂರಿಸಿಕೊಂಡರು.

"ನಿಮ್ಮ ಹೊಟ್ಟೆ ಈಗ ಒಂದು ಸಣ್ಣ ಕಾಫಿ ಲೋಟದಷ್ಟು. ಅದರೊಳಗೆ ಮೊದಲು ಹೋಗಬೇಕಾದ್ದು ಪ್ರೋಟೀನ್. ಉಳಿದಿದ್ದೆಲ್ಲ ಆಮೇಲೆ. ಪ್ರೋಟೀನ್ ಸಾಲದೆ ಹೋದರೆ ಕೂದಲು ಉದುರುತ್ತೆ, ಕೈಕಾಲಲ್ಲಿ ಕಸುವು ಇರಲ್ಲ. ಸಕ್ಕರೆ ಹತ್ತಿರಕ್ಕೂ ಹೋಗಬೇಡಿ. ಸದ್ಯಕ್ಕೆ ಊಟದಲ್ಲೇ ಅಷ್ಟು ಸಿಗಲ್ಲ, ಪೌಡರ್ ಬೇಕೇ ಬೇಕು. ಈ ಚೀಟಿಯಲ್ಲಿ ಬರೆದಿರೋ ಡಬ್ಬಿ ತಗೊಳ್ಳಿ. ಖರ್ಚು ಹೊಂದಿಸೋಕೆ ಆಗುತ್ತಲ್ಲ?"

"ಅದೇನು ಮಹಾ," ಎಂದ ಡ್ರಮ್ಮಣ್ಣ. ಕಥೆ ಕೆಟ್ಟದ್ದು ಆ ಎರಡು ಮಾತಿನಲ್ಲಿ.

ಔಷಧಿ ಅಂಗಡಿಯವನು ಆ ಡಬ್ಬಿಯ ಬೆಲೆ ಹೇಳಿದಾಗ ಡ್ರಮ್ಮಣ್ಣ, ಒಂದು ಡಬ್ಬಿಗೋ ಒಂದು ಪೆಟ್ಟಿಗೆಗೋ ಎಂದು ಕೇಳಿದ. ಒಂದು ಡಬ್ಬಿಗೆ. ಅದೂ ತಿಂಗಳ ಅರ್ಧಕ್ಕೇ ತಳ ಕಾಣುವಂಥ ಡಬ್ಬಿ. ತಿಂಗಳಿಗೆ ಎರಡು ತಂದರೆ ಮನೆ ಬಾಡಿಗೆ ಕಟ್ಟಿದ ಹಾಗೆ. ವಿಮೆಯವರಿಗೆ ಫೋನು ಮಾಡಿದ.

"ಸರ್, ಹೊಟ್ಟೆ ಚಿಕ್ಕದು ಮಾಡಿಸೋಕೆ ನಮ್ಮಲ್ಲಿ ಅವಕಾಶ ಇದೆ," ಎಂದಿತು ಆ ಕಡೆಯ ಇಂಪಾದ ದನಿ. "ಹೊಟ್ಟೆಗೆ ಹಾಕೋಕೆ ಇಲ್ಲ."

ಮೊದಲ ಡಬ್ಬಿಯನ್ನು ಅವನು ಅರ್ಧರ್ಧ ಚಮಚ ಹಾಕಿ ಎಳೆದಾಡಿದ. ದಿನಕ್ಕೊಂದು ಬಾರಿ, ಆಮೇಲೆ ದಿನ ಬಿಟ್ಟು ದಿನ. ಬಾಚಣಿಗೆಯಲ್ಲಿ ಕೂದಲು ಗೊಂಚಲು ಗೊಂಚಲಾಗಿ ಬರತೊಡಗಿತು. ಕೆನ್ನೆ ಜೋತುಬಿದ್ದಿತು.

"ಆ ಮೇಡಂ ಹತ್ತಿರ ಹೋಗಿ, ಇಷ್ಟು ದುಡ್ಡು ಆಗಲ್ಲ, ಬೇರೆ ದಾರಿ ಹೇಳಿ ಅಂತ ಕೇಳಬಾರದಾ?" ಎಂದಳು ಹೆಂಡತಿ.

"ಏನಂದ್ಕೊಳ್ತಾರೆ?"

"ಏನಾದರೂ ಅಂದ್ಕೊಳ್ಳಲಿ. ನಾವೇನು ಸಾಹುಕಾರರು ಅಂತ ಅವರಿಗೆ ಬರೆದುಕೊಟ್ಟಿದ್ದೀವಾ?"

ಹೆಂಡತಿಯ ಮಾತು ಸರಿಯಾಗಿದ್ದಾಗ ಅದನ್ನು ಕೇಳದಿರುವುದು ಡ್ರಮ್ಮಣ್ಣನ ಹಳೆಯ ನಿಯಮ. ಅವನು ನೆಟ್ಟಗೆ ಬಸ್ ನಿಲ್ದಾಣದ ಎದುರಿಗಿದ್ದ, ವ್ಯಾಯಾಮದ ಸಾಮಾನು ಮಾರುವ ಅಂಗಡಿಗೆ ಹೋದ. ಅಲ್ಲಿ ನೆಲದಿಂದ ಸೂರಿನ ತನಕ ಡಬ್ಬಿಗಳು. ಪ್ರತಿ ಡಬ್ಬಿಯ ಮೇಲೂ ಅಂಗಿ ಹಾಕದ ಒಬ್ಬ ಗಂಡಸು ಸಿಟ್ಟಿನಿಂದ ನೋಡುತ್ತಿದ್ದ. ಅಂಗಡಿಯವನೂ ಹೆಚ್ಚುಕಡಿಮೆ ಹಾಗೇ ಇದ್ದ, ಅಂಗಿ ಒಂದಿತ್ತು.

"ಪೌಡರ್ ಯಾರಿಗೆ ಸರ್, ನಿಮಗಾ?"

"ನನಗ್ಯಾಕಪ್ಪಾ? ನನ್ನ ಭಾವಮೈದನಿಗೆ."

"ಹೇಗಿದ್ದಾರೆ ಅವರು?"

"ಎರಡು ಚಮಚ ತಿಂದರೆ ಸಾಕಾಯ್ತು ಅಂತಾನೆ. ದಿನದಿಂದ ದಿನಕ್ಕೆ ಇಳೀತಾ ಇದ್ದಾನೆ. ಕೂದಲು ಉದುರುತ್ತೆ, ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತೆ."

ಮನುಷ್ಯ ಯಾರೆಂಬುದೊಂದನ್ನು ಬಿಟ್ಟರೆ ಅವನು ಹೇಳಿದ್ದೆಲ್ಲ ನಿಜ. ಅಂಗಡಿಯವನಿಗೆ ಕನಿಕರವಾಯಿತು.

"ಹಾಗಾದ್ರೆ ಬರೀ ಪ್ರೋಟೀನ್ ಸಾಲದು ಸರ್. ಮೈ ಹಿಡಿಯೋ ಪೌಡರ್ ಕೊಡ್ತೀನಿ. ಚಾಕ್ಲೇಟ್ ರುಚಿ, ಯಾರೂ ಬೇಡ ಅನ್ನಲ್ಲ. ಮೂರು ಹೊತ್ತು ಕುಡಿಸಿ. ಎರಡು ತಿಂಗಳಲ್ಲಿ ನಿಮಗೇ ಗುರುತು ಸಿಗಬಾರದು, ಹಾಗೆ ಊದಿಸಿಬಿಡುತ್ತೆ."

ಅವನು ಮೇಲಿಂದ ಇಳಿಸಿದ್ದು ಡಬ್ಬಿಯಲ್ಲ, ಬಕೆಟ್ಟು. ಬೆಲೆ ಔಷಧಿ ಅಂಗಡಿಯ ಪುಟ್ಟ ಡಬ್ಬಿಗಿಂತ ಕಡಿಮೆ. ಡ್ರಮ್ಮಣ್ಣನ ಕಿವಿಯಲ್ಲಿ ಕೊನೆಯ ಮಾತು ಉಳಿಯಲೇ ಇಲ್ಲ. ಬೆಲೆ ಕೇಳಿದ ಸಂತೋಷಕ್ಕೆ ಅವನು ಬಕೆಟ್ಟನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಲೂ ಇಲ್ಲ. ಹೀಗೆ, ತೂಕದಿಂದ ಪ್ರಾಣಕ್ಕೆ ಅಪಾಯವೆಂದು ಹೊಟ್ಟೆ ಕುಯ್ಯಿಸಿಕೊಂಡ ಮನುಷ್ಯ, ತೂಕ ಏರಿಸುವ ಸಕ್ಕರೆ ಪುಡಿಯ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಹಳ ಹೆಮ್ಮೆಯಿಂದ ಮನೆಗೆ ಬಂದ.

"ಹಿಂದೆ ಏನು ಬರೆದಿದೆ ಓದಿದ್ರಾ?" ಎಂದಳು ಹೆಂಡತಿ.

"ಓದದೆ ತರ್ತೀನಾ?" ಎಂದ ಡ್ರಮ್ಮಣ್ಣ.

ಮರುದಿನದಿಂದ ಅವನ ಮೇಜಿನ ಮೇಲೆ ಒಂದು ಕಪ್ಪು ಸ್ಟೀಲ್ ಬಾಟಲಿ ಕಾಣಿಸಿಕೊಂಡಿತು. ಗಟಗಟ ಕುಡಿಯುವ ಹಾಗಿಲ್ಲ. ಗುಟುಕು ಗುಟುಕಾಗಿ, ಬೆಳಗಿನಿಂದ ಸಂಜೆಯ ತನಕ ಹೀರಬೇಕು. ಹೊಟ್ಟೆ ಕತ್ತರಿಸಿಕೊಂಡವರ ಒಡಲಿಗೆ ಸಕ್ಕರೆ ಬಿದ್ದರೆ ಏನಾಗುತ್ತದೆಂದು ಡ್ರಮ್ಮಣ್ಣನಿಗೆ ಆಸ್ಪತ್ರೆಯಲ್ಲಿ ಹೇಳಿದ್ದರು. ಸಕ್ಕರೆ ಬಿದ್ದಿದೆ ಎಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ನಾಲ್ಕು ಗುಟುಕು ಹೋದ ಸ್ವಲ್ಪ ಹೊತ್ತಿಗೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಬೆವರು ಇಳಿಯುತ್ತಿತ್ತು, ಕೈ ನಡುಗುತ್ತಿತ್ತು, ಆಮೇಲೆ ತಡೆಯಲಾರದ ಜೊಂಪು. ಪ್ರೋಟೀನ್ ಸಾಲದೆ ಹೀಗಾಗುತ್ತಿದೆ ಎಂದು ತಿಳಿದು ಅವನು ಇನ್ನೂ ನಾಲ್ಕು ಗುಟುಕು ಹಾಕುತ್ತಿದ್ದ.

ನೋಡುವವರಿಗೆ ಕಂಡದ್ದು ಇಷ್ಟು: ಮನುಷ್ಯ ಇಳಿದುಹೋಗಿದ್ದಾನೆ, ಕೆನ್ನೆ ಗುಳಿ ಬಿದ್ದಿದೆ, ಮುಚ್ಚಳವಿರುವ ಬಾಟಲಿಯಿಂದ ದಿನವಿಡೀ ಏನೋ ಹೀರುತ್ತಾನೆ, ಮಧ್ಯಾಹ್ನದ ಹೊತ್ತಿಗೆ ನಾಲಿಗೆ ತೊದಲುತ್ತದೆ, ಕಣ್ಣು ಮುಚ್ಚುತ್ತದೆ.

"ನಾನು ಹೇಳಬಾರದು," ಎಂದು ಜವಾನ ಕ್ಯಾಷಿಯರ್ ಮೇಡಂಗೆ ಹೇಳಿದ. "ಮೂಲವ್ಯಾಧಿ ನೋವಿಗೆ ಅಂತ ಶುರು ಮಾಡಿರಬೇಕು."

"ಪಾಪ," ಎಂದ ಮೇಡಂ ಸಂಜೆಯೊಳಗೆ ಅದನ್ನು ಮೀಟರ್ ರೀಡರುಗಳ ತನಕ ಮುಟ್ಟಿಸಿದರು.

ಅನುಮಾನಕ್ಕೆ ಮುದ್ರೆ ಬಿದ್ದದ್ದು ನಿವೃತ್ತ ಹೆಡ್ಮಾಸ್ಟರರಿಂದ. ಅವರು ಸರದಿಯಲ್ಲಿ ನಿಂತು, ಬಿಲ್ಲು ಕಟ್ಟಿ, ಕಾಗದ ಒಳಗೆ ತಳ್ಳಿದರು. ಆ ಹೊತ್ತಿಗೆ ಡ್ರಮ್ಮಣ್ಣನ ಕೈ ಎಲೆಯಂತೆ ನಡುಗುತ್ತಿತ್ತು. ‘ಪಾವತಿಯಾಗಿದೆ’ ಎಂಬ ಮೊಹರಿನ ಬದಲು ಪಕ್ಕದ ‘ಸಂಪರ್ಕ ಕಡಿತ’ ಎಂಬ ಮೊಹರನ್ನು ಎತ್ತಿಕೊಂಡು, ಅವರ ಪ್ರತಿಗೂ ಕಚೇರಿಯ ಪ್ರತಿಗೂ ಒಂದೊಂದು ಒತ್ತಿ, ಹಾಗೇ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದ. ಆ ಕಚೇರಿಯಲ್ಲಿ ದೂರಿನ ಕೆಲಸ ಆಗಲು ತಿಂಗಳು ಹಿಡಿಯುತ್ತಿತ್ತು. ಕಡಿತದ ಕೆಲಸ ಮಾತ್ರ ಅಂದೇ ಆಗುತ್ತಿತ್ತು. ಮರುದಿನ ಹೆಡ್ಮಾಸ್ಟರರು ಸ್ನಾನವಿಲ್ಲದ ಮೈಯಲ್ಲಿ, ಖಾಲಿ ಕೊಡದೊಂದಿಗೆ ಸಾಹೇಬರ ಕೋಣೆಗೇ ಬಂದು ನಿಂತರು.

ಸಾಹೇಬರು ಡ್ರಮ್ಮಣ್ಣನನ್ನು ಬಾಟಲಿಯ ಸಮೇತ ಕರೆಸಿದರು.

"ಏನ್ರೀ ಇದು?"

"ನೀರು ಸಾರ್."

ಸಾಹೇಬರು ಮುಚ್ಚಳ ತೆಗೆದು ಲೋಟಕ್ಕೆ ಬಗ್ಗಿಸಿದರು. ಕಂದು ಬಣ್ಣದ ಮಂದ ದ್ರವ ಇಳಿಯಿತು.

"ಇಷ್ಟು ವರ್ಷ ನೀರಿನ ಇಲಾಖೆಯಲ್ಲಿದ್ದೀನಿ. ಈ ಬಣ್ಣದ ನೀರು ಬಿಟ್ಟರೆ ಜನ ನಮ್ಮನ್ನ ಹೊಡೀತಾರೆ."

"ಔಷಧಿ ಸಾರ್."

"ಎಲ್ಲರೂ ಮೊದಮೊದಲು ಅದನ್ನೇ ಅನ್ನೋದು. ವಾಸನೆ ಮುಚ್ಚೋಕೆ ಚಾಕ್ಲೇಟ್ ಬೇರೆ." ಸಾಹೇಬರು ಲೋಟವನ್ನು ದೂರ ಸರಿಸಿದರು. "ವಾರದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಸರಿಯಿಲ್ಲ ಅಂದ್ರೆ ಅಮಾನತು ಮಾಡಬೇಕಾಗುತ್ತೆ."

ಕೊಯ್ದ ಹೊಟ್ಟೆಯ ಗುರುತು ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬಾಗಿಲ ಬಳಿ ಜವಾನ ನಿಂತಿದ್ದ, ಕಿಟಕಿಯ ಹಿಂದೆ ಕ್ಯಾಷಿಯರ್ ಮೇಡಂ ಇದ್ದರು. ಡ್ರಮ್ಮಿಗೆ ತೂತು ಕೊರೆಸಿದರಂತೆ ಎಂಬ ನಗೆ ಆಗಲೇ ಕಿವಿಯಲ್ಲಿ ಕೇಳಿಸಿದಂತಾಗಿ, ಅವನು ತಲೆ ತಗ್ಗಿಸಿ ಹೊರಗೆ ಬಂದ.

ಅಂದು ಅವನು ಗೋಡೆ ಹಿಡಿದುಕೊಂಡು ಮನೆಯ ಮೆಟ್ಟಿಲು ಹತ್ತಿದ್ದನ್ನು ಕೆಳಗಿನ ಮನೆ ಮಾಲೀಕರು ನೋಡಿದರು. ಕಚೇರಿಯ ಸುದ್ದಿ ಅವರಿಗೆ ಆಗಲೇ ತಲುಪಿತ್ತು. ಅವರು ಪರೋಪಕಾರಿ. ಬಾಡಿಗೆ ಕರಾರಿನಲ್ಲಿ ಸಾಕ್ಷಿ ಹಾಕಿದ್ದ ಅಕ್ಕನ ಫೋನ್ ನಂಬರು ಹುಡುಕಿ ತೆಗೆದು, ಬೇಜಾರು ಮಾಡಿಕೊಳ್ಳಬೇಡಿ ಎಂದು ಪೀಠಿಕೆ ಹಾಕಿ, ಬೇಜಾರಾಗುವುದನ್ನೆಲ್ಲ ಹೇಳಿದರು.

ಅಕ್ಕ ಬಸ್ಸಿಳಿದು ಮನೆಗೆ ಬರಲಿಲ್ಲ. ನೇರ ಕಚೇರಿಗೆ ಹೋದಳು. ಡ್ರಮ್ಮಣ್ಣ ಕೌಂಟರಿನಿಂದ ತಲೆಯೆತ್ತಿ ನೋಡಿದಾಗ, ಕೈಚೀಲ ಎದೆಗೆ ಅವುಚಿಕೊಂಡು ಅವಳು ಸಾಹೇಬರ ಕೋಣೆಯ ಒಳಗೆ ಹೋಗುತ್ತಿದ್ದಳು. ಅವನು ಹಿಂದೆಯೇ ಓಡಿದ. ಬಾಗಿಲಲ್ಲೇ ನಿಂತುಬಿಟ್ಟ.

"ಇವನನ್ನ ಕೆಲಸದಿಂದ ತೆಗೀಬೇಡಿ ಸ್ವಾಮಿ," ಎನ್ನುತ್ತಿದ್ದಳು ಅಕ್ಕ. "ನಮ್ಮ ಯಜಮಾನರು ಅಂಗಡಿ ಬೋರ್ಡು ಬರೀತಿದ್ದರು. ಅವರ ಕೈಯ ಅಕ್ಷರ ನೋಡಬೇಕಿತ್ತು, ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ. ಕುಡಿತ ಹತ್ತಿ ಕೈ ನಡುಗೋಕೆ ಶುರುವಾಯ್ತು. ಒಂದು ಅಕ್ಷರ ಸೊಟ್ಟಗಾಯ್ತು ಅಂತ ಮಾಲೀಕರು ಬರಬೇಡ ಅಂದರು. ಕೆಲಸ ಇರೋ ತನಕ ಸಂಜೆ ಮಾತ್ರ ಕುಡೀತಿದ್ದರು. ಕೆಲಸ ಹೋದ ಮೇಲೆ ಬೆಳಿಗ್ಗೆಯಿಂದಲೂ. ಬಿಡ್ತೀನಿ ಬಿಡ್ತೀನಿ ಅಂತಾನೇ ಇದ್ದರು. ಬಿಡೋಕೆ ಮುಂಚೆ ಹೋಗಿಬಿಟ್ಟರು. ಇವನಿಗೆ ಒಂದು ಕೆಲಸ ಅಂತ ಇರಲಿ. ಉಳಿದದ್ದು ನಾನು ನೋಡ್ಕೊಳ್ತೀನಿ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

ಮನೆಗೆ ಬಂದ ಅಕ್ಕ ನೀರೂ ಕುಡಿಯದೆ ಹುಡುಕತೊಡಗಿದಳು. ಗಂಡನ ಕಾಲದ ಅನುಭವ. ಅಕ್ಕಿಡಬ್ಬದೊಳಗೆ, ನೀರಿನ ತೊಟ್ಟಿಯ ಹಿಂದೆ, ಹಳೆ ಬೂಟಿನೊಳಗೆ ಕೈಹಾಕಿದಳು. ಡ್ರಮ್ಮಣ್ಣ ಗೋಡೆಗೆ ಒರಗಿ ನಿಂತಿದ್ದ. ನೋಡಿ ನೋಡಿ ಸಾಕಾಗಿ ಹೆಂಡತಿ, "ಅತ್ತಿಗೆ, ನೀವು ಹುಡುಕೋದು ಈ ಮನೆಯಲ್ಲಿ ಇಲ್ಲ," ಎಂದು ಬಕೆಟ್ಟನ್ನೇ ತಂದು ಅವಳ ಮುಂದಿಟ್ಟಳು. "ನೀವು ಹೇಳ್ತೀರೋ, ನಾನು ಹೇಳಲೋ?" ಎಂದು ಗಂಡನನ್ನು ನೋಡಿದಳು.

ಅವನೇ ಹೇಳಿದ. ಮಂಡಿ, ಉಸಿರು, ಆಪರೇಷನ್, ತರಬೇತಿಯ ಸುಳ್ಳು, ಪ್ರೋಟೀನ್, ಬಕೆಟ್ಟು. ಹೇಳುವಾಗ ಬಕೆಟ್ಟಿನ ಮೇಲಿನ ಗಂಡಸನ್ನೇ ನೋಡುತ್ತಿದ್ದ.

ಕುಡಿತ ಅಲ್ಲ ಎಂದು ತಿಳಿದಾಗ ಅಕ್ಕ ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟಳು. ಆಮೇಲೆ, "ಎಲ್ಲಿ, ತೋರಿಸು," ಎಂದಳು.

ಅವನು ಅಂಗಿ ಎತ್ತಿದ. ಜೋತುಬಿದ್ದ ಚರ್ಮದ ಮೇಲೆ ಅಲ್ಲಲ್ಲಿ ಬೆರಳುಗುರಿನಷ್ಟು ಸಣ್ಣ ಗುರುತುಗಳು.

"ಇಷ್ಟೇನಾ?" ಎಂದು ಒಂದರ ಮೇಲೆ ಬೆರಳಿಟ್ಟಳು. "ನಾನು ಜಾಸ್ತಿ ಹಾಕಿಬಿಟ್ಟೆನಾ ಪುಟ್ಟ?"

"ಇಲ್ಲಕ್ಕ. ನಾನೇ ಜಾಸ್ತಿ ತಿಂದೆ."

"ನೀನು ಸಣ್ಣವನಿದ್ದಾಗ ತಟ್ಟೆ ಖಾಲಿಯಾದರೆ ನನಗೆ ಭಯ ಆಗೋದು. ಖಾಲಿ ಬಿಡ್ತಾನೇ ಇರಲಿಲ್ಲ." ಅವಳು ಅಂಗಿಯನ್ನು ತಾನೇ ಕೆಳಗೆಳೆದು ಸರಿಮಾಡಿದಳು. "ಸಾಕು ಅಂದಾಗ ಕೇಳಬೇಕಿತ್ತು. ನನಗೆ ಯಾರೂ ಹೇಳಿಕೊಡಲಿಲ್ಲ."

ಅಂದಿನ ಊಟಕ್ಕೆ ಅವನು ಮೂರು ಚಮಚ ತಿಂದು ಕೈಬಿಟ್ಟಾಗ ಅವಳ ಕೈ ತಾನಾಗಿ ಪಾತ್ರೆಯ ಕಡೆ ಹೋಯಿತು. ಅರ್ಧದಲ್ಲಿ ನಿಲ್ಲಿಸಿ, ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಊಟ ಮುಗಿಯುವವರೆಗೂ ಇನ್ನೊಂದು ಕೈಯಿಂದ ಹಿಡಿದೇ ಕೂತಿದ್ದಳು.

ಮರುದಿನ ಅವನನ್ನು ಡಯಟೀಷಿಯನ್ ಮೇಡಂ ಹತ್ತಿರ ಎಳೆದುಕೊಂಡು ಹೋದವಳೂ ಅವಳೇ. ಬಕೆಟ್ಟನ್ನೂ ಕರೆದೊಯ್ದಳು. ಮೇಡಂ ಹಿಂದಿನ ಸಣ್ಣ ಅಕ್ಷರ ಓದಿ ತಲೆಯ ಮೇಲೆ ಕೈ ಹೊತ್ತರು.

"ಇದರಲ್ಲಿ ಮುಕ್ಕಾಲು ಪಾಲು ಸಕ್ಕರೆ. ಇದನ್ನ ಕುಡಿದು ನೀವು ನಿಂತಿದ್ದೇ ದೊಡ್ಡದು. ಡಬ್ಬಿ ಮುಂದೆ ಇರೋ ಚಿತ್ರ ನೋಡಬೇಡಿ, ಹಿಂದೆ ಒಂದು ಚಮಚಕ್ಕೆ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು ಅಂತ ನೋಡಿ."

"ಅಮ್ಮಾ," ಎಂದಳು ಅಕ್ಕ, "ಇವನು ನಾಚ್ಕೊಂಡು ಹೇಳಲ್ಲ. ನಾನು ಹೇಳ್ತೀನಿ. ನೀವು ಬರೆದುಕೊಟ್ಟ ಡಬ್ಬಿ ಇವನ ಸಂಬಳಕ್ಕೆ ಆಗಲ್ಲ."

"ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ," ಎಂದರು ಮೇಡಂ. ಅವರ ದನಿಯಲ್ಲಿ ನಗೆಯಿರಲಿಲ್ಲ. "ಅರ್ಧ ಜನಕ್ಕೆ ಆಗಲ್ಲ. ಅದಕ್ಕೇ ನಾನು ಕೇಳೋದು."

ಬೆಲೆಯಲ್ಲಿ ಅರ್ಧದಷ್ಟಿದ್ದ ಇನ್ನೊಂದು ಡಬ್ಬಿಯ ಹೆಸರು ಹೇಳಿದರು. ಅದನ್ನೂ ಬೆಳಿಗ್ಗೆ ಒಂದು ಹೊತ್ತಿಗೆ ಮಾತ್ರ. ಉಳಿದ ಹೊತ್ತಿಗೆ ಮೆತ್ತಗೆ ಬೇಯಿಸಿದ ಮೊಟ್ಟೆಯ ಬಿಳಿ, ಕೆನೆ ತೆಗೆದ ಹಾಲಿನ ಪುಡಿ ಕಲಸಿದ ಮೊಸರು, ನುಣ್ಣಗೆ ಅರೆದ ಬೇಳೆ. ಆಗಾಗ ರಕ್ತಪರೀಕ್ಷೆ ಮಾಡಿಸಿ ನೋಡೋಣ ಎಂದರು. ದಾರಿಯುದ್ದಕ್ಕೂ ಅಕ್ಕ ಅದನ್ನು ಮಗ್ಗಿಯಂತೆ ಬಾಯಲ್ಲಿ ಹೇಳಿಕೊಳ್ಳುತ್ತ ಬಂದಳು. ಬಕೆಟ್ಟು ಮನೆ ಮಾಲೀಕರ ಸಣಕಲು ಅಳಿಯನಿಗೆ ಹೋಯಿತು. ಅವನಿಗೆ ಅದು ಚೆನ್ನಾಗಿಯೇ ಹಿಡಿಯಿತು ಎಂದು ಕೇಳಿದ್ದೇನೆ.

"ಇನ್ನು ಸಾಹೇಬರಿಗೆ ನಿಜ ಹೇಳಿಬಿಡು," ಎಂದು ಅಕ್ಕ ಅವನನ್ನು ಕಚೇರಿಗೆ ಕಳಿಸಿದಳು.

ಅವನು ಹೇಳಬೇಕೆಂದೇ ಹೋದ. ಆದರೆ ಸಾಹೇಬರು ಎದ್ದು ಬಂದು ಭುಜದ ಮೇಲೆ ಕೈಯಿಟ್ಟರು. ಇಷ್ಟು ವರ್ಷದ ನೌಕರಿಯಲ್ಲಿ ಮೊದಲ ಬಾರಿ ಅವನ ನಿಜವಾದ ಹೆಸರು ಹಿಡಿದು ಕರೆದು, "ನಿಮ್ಮ ಅಕ್ಕ ದೊಡ್ಡ ಮನಸ್ಸಿನವರು. ಕೂತ್ಕೊಳ್ಳಿ," ಎಂದರು. ಜವಾನ ಕೇಳದೆಯೇ ಫ್ಯಾನ್ ಹಾಕಿದ. ಹೊರಗೆ ಕ್ಯಾಷಿಯರ್ ಮೇಡಂ, "ಧೈರ್ಯವಾಗಿರಿ, ನಾವೆಲ್ಲ ಇದ್ದೀವಿ," ಎಂದಿದ್ದರು. ಕುಡುಕನೆಂದು ತಿಳಿದ ಮೇಲೆ ಆ ಕಚೇರಿಯಲ್ಲಿ ಒಬ್ಬರೂ ಅವನನ್ನು ನೋಡಿ ನಕ್ಕಿರಲಿಲ್ಲ. ದಪ್ಪಗಿದ್ದದ್ದಕ್ಕೆ ಒಂದು ದಿನವೂ ಸಿಗದ ಮರ್ಯಾದೆ ಕುಡಿಯದ ಕುಡಿತಕ್ಕೆ ಸಿಕ್ಕಿತ್ತು. ಡ್ರಮ್ಮಣ್ಣ ಕಾಗದ ತೆಗೆದುಕೊಂಡು, ‘ಇನ್ನು ಮುಂದೆ ಆ ಬಾಟಲಿಯನ್ನು ಮುಟ್ಟುವುದಿಲ್ಲ’ ಎಂದು ಬರೆದು ಸಹಿ ಹಾಕಿದ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ.

ಮನೆಯಲ್ಲಿ ಇದನ್ನು ಕೇಳಿ ಹೆಂಡತಿ ಹಣೆ ಚಚ್ಚಿಕೊಂಡಳು. ಅಕ್ಕ ಕೈಚೀಲ ಎತ್ತಿಕೊಂಡು ತನ್ನ ಊರಿಗೆ ಹೊರಟುಹೋದಳು.

ಕೆಲವು ತಿಂಗಳ ಮೇಲೆ, ಪ್ರತಿ ಕಚೇರಿಯಲ್ಲೂ ದುಶ್ಚಟ ಬಿಡಿಸುವ ಬಗ್ಗೆ ಒಂದು ಸಭೆ ನಡೆಸಬೇಕೆಂದು ಮೇಲಿನವರಿಂದ ಆದೇಶ ಬಂತು. ಸಾಹೇಬರಿಗೆ ಭಾಷಣಕಾರನನ್ನು ಹುಡುಕುವ ಕಷ್ಟವಿರಲಿಲ್ಲ. ಅಕ್ಕನನ್ನೂ ಅವರೇ ಫೋನು ಮಾಡಿ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಹೆಡ್ಮಾಸ್ಟರರೂ ಬಂದಿದ್ದರು, ಸ್ನಾನ ಮಾಡಿಕೊಂಡು.

ಡ್ರಮ್ಮಣ್ಣ ಎದ್ದು ನಿಂತ. ಕುಡಿತದ ಬಗ್ಗೆ ಅವನಿಗೆ ಗೊತ್ತಿದ್ದದ್ದು ಒಂದೇ ಕಥೆ, ಅಕ್ಕನ ಗಂಡನದು. ಬೇರೆ ದಾರಿ ಕಾಣದೆ ಅದನ್ನೇ ತನ್ನದೆಂದು ಹೇಳತೊಡಗಿದ.

"ನನ್ನ ಕೈ ಚೆನ್ನಾಗಿತ್ತು," ಎಂದ. "ನಾನು ಹಾಕಿದ ಗೆರೆ ಸೊಟ್ಟ ಆಗ್ತಿರಲಿಲ್ಲ. ಆಮೇಲೆ ನಡುಗೋಕೆ ಶುರುವಾಯ್ತು. ನಾಳೆಯಿಂದ ಬಿಡ್ತೀನಿ ಅಂತ ಮನೆಯವರಿಗೆ ಹೇಳ್ತಿದ್ದೆ. ಸುಳ್ಳು ಹೇಳಬೇಕು ಅಂತ ಅಲ್ಲ, ಹೇಳುವಾಗ ನಿಜವಾಗಲೂ ಬಿಡಬೇಕು ಅಂತಾನೇ ಇತ್ತು. ಅವರು ನಂಬ್ತಿದ್ದರು. ಪ್ರತಿ ಸಲವೂ ನಂಬ್ತಿದ್ದರು." ಅವನು ಅಕ್ಕನ ಕಡೆ ನೋಡಿದ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಅವನನ್ನೇ ನೋಡುತ್ತಿದ್ದಳು. ಇದ್ದ ಹಾಗೆ ಮುಗಿಸಲು ಅವನಿಂದ ಆಗಲಿಲ್ಲ. "ಒಂದು ದಿನ ಬಿಟ್ಟೆ. ಮನೆಯವರು ಬಾಗಿಲಲ್ಲಿ ನಿಂತಿದ್ದರು. ನಾನು ಏನೂ ಕುಡಿಯದೆ, ಬಿಸಿಲಿರುವಾಗಲೇ ಮನೆಗೆ ಬಂದೆ."

ಮೀಟರ್ ರೀಡರುಗಳು ಕಣ್ಣೊರೆಸಿಕೊಂಡರು. ಜವಾನನಿಗೆ ಬಿಕ್ಕಳಿಕೆ ಬಂತು. ಸಾಹೇಬರು ಗದ್ಗದ ದನಿಯಲ್ಲಿ, "ಇದನ್ನ ಕಣ್ಣಾರೆ ಕಂಡವರು ಇಲ್ಲೇ ಇದ್ದಾರೆ. ಎರಡು ಮಾತು ಹೇಳಿ ಅಮ್ಮಾ," ಎಂದು ಅಕ್ಕನನ್ನು ಕೇಳಿಕೊಂಡರು.

ಹುಟ್ಟಿದಾಗಿನಿಂದ ತಮ್ಮನನ್ನು ಏಕವಚನದಲ್ಲಲ್ಲದೆ ಕರೆದವಳಲ್ಲ ಅವಳು. ನಿಧಾನವಾಗಿ ಎದ್ದು, ಯಾರನ್ನೂ ನೋಡದೆ, ತೆರೆದಿದ್ದ ಬಾಗಿಲ ಕಡೆ ತಿರುಗಿದಳು.

"ಹೌದು, ಬಿಟ್ಟುಬಿಟ್ಟರು," ಎಂದಳು. "ಹೇಳಿದ ಹಾಗೇ ಬಿಟ್ಟರು. ಬಿಸಿಲಿರುವಾಗಲೇ ಮನೆಗೆ ಬಂದರು."

ತಮ್ಮನಿಗೆ ಅಕ್ಕ ಕೊಟ್ಟ ಗೌರವ ನೋಡಿ ಎಂದು ಸಾಹೇಬರು ಚಪ್ಪಾಳೆ ತಟ್ಟಿದರು. ಸಭೆ ಎದ್ದು ನಿಂತು ತಟ್ಟಿತು. ಡ್ರಮ್ಮಣ್ಣ ಮಾತ್ರ ವೇದಿಕೆಯ ಮೇಲೆ ತಲೆ ತಗ್ಗಿಸಿ ನಿಂತಿದ್ದ, ತನ್ನದಲ್ಲದ ಆ ಚಪ್ಪಾಳೆ ಮುಗಿಯುವ ತನಕ.